ಕಾರ್ಡ್ ಇದ್ದವರ ಸಾಲು

ಸತತ ಎರಡನೆಯ ವರ್ಷವೂ ಮಳೆ ಕೈಕೊಟ್ಟಾಗ ನಾನು ಬೀದರಿನ ಒಂದು ಸಣ್ಣ ಧರ್ಮಾರ್ಥ ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಕೂರುತ್ತಿದ್ದೆ. ನನ್ನ ಬದುಕಿನಲ್ಲಿ ಮಾಡಿದ ನೌಕರಿ ಅದೊಂದೇ. ನೌಬಾದದ ಮನೆಯಲ್ಲಿ ಅಡುಗೆ, ಮಕ್ಕಳ ಡಬ್ಬಿ ಮುಗಿಸಿ ಎಂಟಕ್ಕೆ ಬಂದರೆ ಎರಡರವರೆಗೆ ಕೆಲಸ. ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಫಾರಂ ತಪ್ಪಿಲ್ಲದೆ ತುಂಬುತ್ತಾಳೆ ಎಂದು ಕರೆದಿದ್ದರು.

ಅಲ್ಲಿ ಎರಡು ಸಾಲು. ರೊಕ್ಕ ಕೊಡುವವರು ಚೀಟಿ ಮಾಡಿಸಿ ನೇರ ಡಾಕ್ಟರ ಕೋಣೆಗೆ ಹೋಗುತ್ತಿದ್ದರು. ವಿಮಾ ಕಾರ್ಡ್ ಇದ್ದವರು ಮೊದಲು ನನ್ನ ಬಳಿ ಬರಬೇಕು. ಕಾರ್ಡಿನ ಹೆಸರೂ ಗುರುತಿನ ಚೀಟಿಯ ಹೆಸರೂ ಹೊಂದಿದರೆ ಮಾತ್ರ ನಾನು ಒಳಗೆ ಬಿಡುವ ಸ್ಲಿಪ್ ಕೊಡುತ್ತಿದ್ದೆ. ತುರ್ತಿದ್ದರೆ ಕಾಗದ ಆಮೇಲೆ ಕೊಡಬಹುದೆಂಬ ನಿಯಮವೂ ಇತ್ತು. ಆದರೆ ತುರ್ತು ಎಂದು ಬರೆಯಬೇಕಾದವರು ಡಾಕ್ಟರು. ಅವರನ್ನು ಕಾಣಲು ನನ್ನ ಸ್ಲಿಪ್ ಬೇಕು.

ಒಂದು ಸೋಮವಾರ ಎಂಟು ಗಂಟೆಗೆ ಮಾರುತಿ ಎಂಬ ಗಾರೆ ಕೆಲಸದವನು ಹೆಂಡತಿಯನ್ನು ಹೆಗಲಿಗೆ ಆನಿಸಿಕೊಂಡು ಬಂದ. ಜೊತೆಗೆ ಅವನ ತಾಯಿ. ಊರು ಕಮಲನಗರದ ಹತ್ತಿರ, ಮಳೆ ಹೋದಮೇಲೆ ಗಂಡ ಹೆಂಡತಿ ಇಬ್ಬರ ದುಡಿಮೆಯೂ ಪುಣೆಯಲ್ಲಿ. ಹೆಂಡತಿಗೆ ಮೂರು ದಿನದಿಂದ ಹೊಟ್ಟೆನೋವು, ಜ್ವರ. ಅಲ್ಲಿನ ಆಸ್ಪತ್ರೆಯಲ್ಲಿ ಈ ಕಾರ್ಡು ನಡೆಯುವುದಿಲ್ಲ ಎಂದರಂತೆ. ಹಾಲಿನ ಪ್ಯಾಕೆಟಿನ ಕವರಿನಲ್ಲಿ ಸುತ್ತಿದ್ದ ಕಾರ್ಡನ್ನು ಅವಳೇ ಬಿಚ್ಚಿಕೊಟ್ಟಳು. ಉಗುರಿನ ಸಂದಿಯಲ್ಲಿ ಇನ್ನೂ ಸಿಮೆಂಟು ಇತ್ತು.

ಕಾರ್ಡಿನಲ್ಲಿ ಸುನೀತಾ. ಗುರುತಿನ ಚೀಟಿಯಲ್ಲಿ ಅಂಬಿಕಾ.

"ಇದು ಯಾರದು?" ಎಂದೆ.

"ಈಕಿದೇ ರಿ," ಎಂದಳು ಅತ್ತೆ. "ತವರುಮನಿ ಹಲಬರ್ಗಾದಾಗ ಅಂಬಿಕಾ. ನಮ್ಮನ್ಯಾಗ ಸುನೀತಾ. ಲಗ್ನದಾಗ ನಾವೇ ಇಟ್ಟೇವ್ರಿ."

ಆ ಕಡೆ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಗುರುತಿನ ಚೀಟಿ ಮದುವೆಗೆ ಮುಂಚೆ ಮಾಡಿಸಿದ್ದು, ಕಾರ್ಡು ಆಮೇಲಿನದು.

ಸಾಲಿನಲ್ಲಿದ್ದ ಮುದುಕನೊಬ್ಬ ನಕ್ಕ: "ಒಬ್ಬಾಕಿಗೆ ಎರಡ ಹೆಸರು! ನಮಗ ಒಂದಕ್ಕೇ ರೇಷನ್ ಸಿಗವಲ್ದು."

ಅವಳೂ ನಗಲು ನೋಡಿದಳು. "ಹೆಸರ ಎರಡ ಅವ ಅಕ್ಕೋರ, ಹೊಟ್ಟಿ ಒಂದೇ ಅದರಿ."

ನಾನೂ ನಕ್ಕೆ. ಆಮೇಲೆ ಒಂದು ಹಾಳೆ ತೆಗೆದು, ಈ ಎರಡೂ ಹೆಸರು ಒಬ್ಬಳವೇ ಎಂದು ಪಂಚಾಯತಿಯವರು ಕೊಡಬೇಕಾದ ಪತ್ರವನ್ನು ದುಂಡಗೆ ಬರೆದು ಮಾರುತಿಯ ಕೈಗಿಟ್ಟೆ. ಸಹಿ, ಶಿಕ್ಕಾ ಹಾಕಿಸಿ ತಾ ಎಂದೆ.

"ಈಗಿನ ಬಸ್ಸಿಗೇ ಹೋಗ್ತೇನ್ರಿ. ಅಲ್ಲೀತನಾ ಈಕಿ?"

"ಇಲ್ಲೇ ಕೂತಿರಲಿ."

ಅವಳನ್ನು ಫ್ಯಾನಿನ ಕೆಳಗಿನ ಕುರ್ಚಿಗೆ ಕೂರಿಸಿದೆ. ದೊಡ್ಡ ಉಪಕಾರ ಮಾಡಿದೆನೆಂದೇ ಅಂದುಕೊಂಡಿದ್ದೆ. ಅವಳು ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡಿದ್ದಳು. ಹನ್ನೊಂದರ ಹೊತ್ತಿಗೆ ನರಳುವುದು ನಿಂತಿತು. ನೋವು ಇಳಿಯಿತೆಂದು ಭಾವಿಸಿದೆ. ಹನ್ನೆರಡಕ್ಕೆ ಆ ದಾರಿಯಲ್ಲಿ ಹೊರಟಿದ್ದ ವಾರ್ಡಿನ ಸಿಸ್ಟರ್ ಮುಖ ನೋಡಿ ನಿಂತರು, ಹೊಟ್ಟೆ ಮುಟ್ಟಿದರು, ಸ್ಟ್ರೆಚರ್ ಕೂಗಿದರು. ಸ್ಲಿಪ್ ಯಾರೂ ಕೇಳಲಿಲ್ಲ.

ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯೆಲ್ಲ ಹರಡಿತ್ತು. ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ಹತ್ತಕ್ಕೆ ತೀರಿಕೊಂಡಳು. ಪಂಚಾಯತಿ ಸೆಕ್ರೆಟರಿ ಔರಾದಕ್ಕೆ ಮೀಟಿಂಗಿಗೆ ಹೋಗಿದ್ದರಿಂದ ರಾತ್ರಿ ಊರಲ್ಲೇ ಕಾಯಬೇಕಾಗಿ, ಮಾರುತಿ ಆಗಿನ್ನೂ ದಾರಿಯಲ್ಲಿದ್ದ.

ಡಾಕ್ಟರನ್ನು ಕೇಳಿದೆ. "ಎಂಟಕ್ಕೇ ನೋಡಿದ್ದರೆ ಉಳಿಯುತ್ತಿದ್ದಳು ಎನ್ನಲಾರೆ. ಉಳಿಯುತ್ತಿರಲಿಲ್ಲ ಎಂದೂ ಹೇಳಲಾರೆ," ಎಂದರು.

ಹೆಣ ಬಿಟ್ಟುಕೊಡುವ ಫಾರಂ ತುಂಬುವುದೂ ನನ್ನ ಕೆಲಸವೇ. ಹೆಸರಿನ ಜಾಗದಲ್ಲಿ ಪೆನ್ನು ನಿಂತಿತು. ಏನು ಬರೆಯಲಿ ಎಂದು ಅತ್ತೆಯನ್ನು ಕೇಳಿದೆ.

"ಯಾವದರೆ ಬರೀ ಯವ್ವಾ," ಎಂದಳು ಆಕೆ. "ಇಬ್ಬರೂ ಹೋದ್ರು."

ಆಮೇಲೆ ಆ ಕೆಲಸದಲ್ಲಿದ್ದಷ್ಟು ದಿನ, ಕಾರ್ಡು ಕೇಳುವ ಮೊದಲು ಎಲ್ಲಿ ನೋವು ಎಂದು ಕೇಳುತ್ತಿದ್ದೆ. ಸ್ಲಿಪ್ ಇಲ್ಲದೆ ಕೈಹಿಡಿದು ಒಳಗೆ ಒಯ್ದದ್ದುಂಟು, ಬೈಸಿಕೊಂಡದ್ದೂ ಉಂಟು. ಬಡವರಿಗೆ ಕಾರ್ಡು ಸಿಕ್ಕರೆ ಆಸ್ಪತ್ರೆಯ ಬಾಗಿಲು ತೆರೆಯುತ್ತದೆ ಎಂದು ನಾನು ನಂಬಿದ್ದೆ. ಆ ಬಾಗಿಲಿಗೆ ಅಡ್ಡವಾಗಿ ಕೂತವಳು ನಾನೇ ಎಂದು ತಿಳಿಯಲು, ಒಬ್ಬ ಹೆಣ್ಣುಮಗಳು ನಾಲ್ಕು ತಾಸು ನನ್ನ ಕಣ್ಣೆದುರಿಗೇ ಕೂರಬೇಕಾಯಿತು.