ಮಳಲಿನೊಳಗೆ ಓಡಿದ ನಾಯಿ

ನಮ್ಮ ಯಜಮಾನ ಯತ್ತಪ್ಪ ಕಣ್ಣು ಬಿಟ್ಕೊಂಡೇ ಕನಸು ಕಾಣೋ ಗಂಡಸು ಕಣಮ್ಮ. ಕುರಿ ಮೇಯಕ್ಕೆ ಬುಟ್ಟು ಮೋಡ ನೋಡ್ಕೊಂಡು ನಿಂತ್ರೆ ಹೊತ್ತು ಇಳಿದಿದ್ದೂ ಗೊತ್ತಾಗ್ತಿರಲಿಲ್ಲ. ತಾವರೆಕೆರೆ ಕಡೆ ನಮ್ಮ ಹಟ್ಟೀಲಿ ಎಲ್ಲಾರೂ ನಗೋರು. ನಾನು ಬೈತಿದ್ದೆ. ಕಟ್ಕೊಂಡೋಳಿಗೆ ನಗು ಹೆಂಗೆ ಬರ್ತದೆ? ನಮ್ಮ ಅರವತ್ತು ಕುರಿ ಉಳಿದಿದ್ದು ಅವನಿಂದಲ್ಲ, ಕೆಂಚನಿಂದ.

ಕೆಂಚ ನಮ್ಮ ಮಂದೆ ನಾಯಿ. ಯತ್ತಪ್ಪ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದ್ರೆ ಗುಡ್ಡದ ಆ ಮಗ್ಗುಲಿಂದ ಹಾರ್ಕೊಂಡು ಬರೋದು. ನನ್ನ ಜೊತೆ ಆಡದ ಮಾತೆಲ್ಲ ಈ ಪುಣ್ಯಾತ್ಮ ಆ ನಾಯಿ ಕಿವೀಲಿ ಆಡ್ತಿದ್ದ. ಸುಳ್ಳು ಯಾಕೆ ಹೇಳ್ಲಿ, ನಂಗೆ ಹೊಟ್ಟೆ ಉರೀತಿತ್ತು.

ಎಂಬತ್ತೊಂದನೇ ಇಸವಿ, ಕಡ್ಲೇಕಾಯಿ ಕೀಳೋ ಕಾಲ. ಟಗರು ಗುಮ್ಮಿ ಕೆಂಚ ಬಂಡೆ ಮೇಲಿಂದ ಬಿದ್ಬುಡ್ತು. ಹಿಂದಿನ ಕಾಲಲ್ಲಿ ಶಕ್ತೀನೇ ಇಲ್ಲ, ಸೊಂಟ ಮುಟ್ಟಿದ್ರೆ ಕುಯ್‌ಗುಡ್ತದೆ. ಹಟ್ಟಿ ಯಜಮಾನ ಕ್ಯಾತಣ್ಣ ಬಂದು ನೋಡ್ದ. "ಇನ್ನೊಂದು ತಿಂಗಳಿಗೆ ಮಂದೆ ಎಲ್ಲಾ ಪಾವಗಡ ದಾಟಿ ಆಂಧ್ರದ ಕಡೆ ಹೊರಡ್ತದೆ. ನಡೀದೇ ಇರೋ ನಾಯೀನ ಇಲ್ಲಿ ಹದ್ದು ಕಾಗೆಗೆ ಬುಟ್ಟು ಹೋಗೋದು ಪಾಪ. ಅಷ್ಟೊತ್ತಿಗೆ ಏಳದಿದ್ರೆ ನಾನೇ ಕಲ್ಲು ಎತ್ತಾಕ್ತೀನಿ ಕಣ್ಲಾ" ಅಂದ. ಕೆಟ್ಟ ಮನುಷ್ಯ ಅಲ್ಲ, ಮಂದೆಯೋರ ಪದ್ಧತಿ ಅಂಗೆ. ನಮ್ಮೋನ ಮುಖ ಬೂದಿ ಆಗೋಯ್ತು.

ನಾನೇ ಹೊರಡಿಸ್ದೆ ದನದ ಆಸ್ಪತ್ರೆಗೆ. ಕೆಂಚನ್ನ ಕಂಬಳೀಲಿ ಸುತ್ತಿ ಕುರಿಮರಿ ತರ ಹೆಗಲ ಮೇಲೆ ಹಾಕ್ಕೊಂಡು ಸಿರಾಕ್ಕೆ ಹೋದೊ. ಡಾಕ್ಟ್ರು ಮಹಾಲಿಂಗಯ್ಯ ಒಳ್ಳೆ ಮನುಷ್ಯ. ಸೊಂಟ ಒತ್ತಿ ನೋಡಿ ಇಂಜೆಕ್ಷನ್ ಕೊಟ್ರು, ಗುಳಿಗೆ ಕೊಟ್ರು. "ಬೆನ್ನಿನ ನರ ಊದ್ಕಂಡದೆ. ನೋವು ಬೇಗ ಹೋಯ್ತದೆ, ಆದ್ರೆ ಒಳಗಡೆ ಮಾಗಿರಲ್ಲ. ಮೂರು ವಾರ ಕಟ್ಟಾಕು, ಹಗ್ಗ ಬಿಚ್ಚಬ್ಯಾಡ" ಅಂದ್ರು.

ಮೂರನೇ ದಿನಕ್ಕೆ ಕೆಂಚ ಎದ್ದು ನಿಂತ್ಕಂತು! ನಾನು ಆಸ್ಪತ್ರೆ ದಿಕ್ಕಿಗೆ ಕೈ ಮುಗಿದೆ. ಆದ್ರೆ ನಮ್ಮೋನು ಹಗ್ಗ ಹಾಕ್ಬೇಕಲ್ಲ? ಹಾಕ್ಲಿಲ್ಲ. ನಮ್ಮೋರಲ್ಲಿ ಮಂದೆ ನಾಯಿಗೆ ಹಗ್ಗ ಹಾಕಲ್ಲ. ಹಾಕಿದ್ರೆ ಅದರ ಕಾವಲು ಕೆಡ್ತದೆ, ಕಟ್ಟಿದ ನಾಯಿ ಮುಂದೆ ತೋಳ ನಗ್ತದೆ ಅಂತಾರೆ. "ಎದ್ದು ನಿಂತದಲ್ಲೇ, ಇನ್ನೇನು" ಅಂದೋನು ನಾಕನೇ ದಿನ ಸಿಳ್ಳೆ ಹಾಕ್ದ. ಕೆಂಚ ಹಾರ್ತು. ಹತ್ತು ಮಾರು ಹೋಗೋದ್ರಲ್ಲಿ ಕುಸೀತು. ಈ ಸಲ ಹಿಂದಿನ ಅರ್ಧ ಮೈಯಿ ನೆಲದ ಮೇಲೆ ಎಳ್ಕಂಡು ಎಳ್ಕಂಡು ಅವನ ಕಾಲ ಹತ್ರಕ್ಕೇ ಬಂತು, ಬಾಲ ಅಲ್ಲಾಡಿಸಕ್ಕೂ ಆಗದೆ. ಅದನ್ನ ಕಂಡು ನಾನು ಗೋಳೋ ಅಂತ ಅತ್ತೆ, ನಾಯಿ ಕಂಡ್ರಾಗದ ನಾನು.

ಸಂಕಟ ಬಂದಾಗ ವೆಂಕಟರಮಣ. ಮಧುಗಿರಿ ಕಡೆ ದೊಡ್ಡೇರಿ ಹತ್ರ ಕೊಲ್ಲಾಪುರಮ್ಮ ಅಂತ ನಾಟಿ ಔಷಧಿಯೋಳು ಅವ್ಳೆ, ಅಲ್ಲಿಗೆ ಹೋಯ್ತೀನಿ ಅಂದ. ನಂಗೆ ರೇಗ್ತು. "ಡಾಕ್ಟ್ರ ಸೂಜಿಗೆ ನನ್ ಕಣ್ಣೆದುರಿಗೇ ಎದ್ದಿತ್ತು. ಕೆಡಿಸಿದೋನು ನೀನು. ಇನ್ನೊಂದು ಸೂಜಿ ಹಾಕ್ಸಿ ಕಟ್ಟಾಕು." ಅವನು ಸಣ್ಣ ದನೀಲಿ ಅಂದ, "ಸೂಜಿ ಹಾಕಿದ್ರೆ ಏಳ್ತದೆ ಕಣೇ. ಎದ್ರೆ ನಾನು ಕರೀತೀನಿ. ನನ್ ಬುದ್ಧಿ ನಂಗೆ ಗೊತ್ತು." ಹೋಗು ಅಂದೆ.

ಕೊಲ್ಲಾಪುರಮ್ಮ ಸೊಂಟಕ್ಕೆ ಕಟ್ಟಕ್ಕೆ ಹರಳೆಣ್ಣೆ, ಲಕ್ಕಿಸೊಪ್ಪು ಕೊಟ್ಟು ಹೇಳಿ ಕಳಿಸಿದ್ದು ಇಷ್ಟು: ಹಗಲೊತ್ತು ಬಿಸಿಲಿಗೆ ಕಾದ ಹಳ್ಳದ ಮಳಲಲ್ಲಿ ನಾಯೀನ ಸೊಂಟದವರೆಗೂ ಹೂತಿಡು. ಇಪ್ಪತ್ತೊಂದು ದಿನ. ಅಲ್ಲೀವರೆಗೂ ನೀನು ಅದರ ಹೆಸರು ಹಿಡಿದು ಕರೀಬಾರದು, ಸಿಳ್ಳೆ ಹಾಕ್ಬಾರದು. ಹಾಕಿದ್ರೆ ಸೊಪ್ಪು ಹತ್ತಲ್ಲ.

ಡಾಕ್ಟ್ರು ಹೇಳಿದ್ದೂ ಅಲುಗಾಡಿಸಬ್ಯಾಡ ಅಂತಲೇ, ಇವಳು ಹೇಳಿದ್ದೂ ಅದೇ. ಆದ್ರೆ ಡಾಕ್ಟ್ರು ಕಟ್ಟು ಅಂದಿದ್ದು ನಾಯೀನ. ಈ ಮುದುಕಿ ಕಟ್ಟಿದ್ದು ನನ್ ಗಂಡನ್ನ. ಎಲಾ ಮುದುಕಿ!

ಆ ಇಪ್ಪತ್ತೊಂದು ದಿನ ಈಗ ನೆನೆಸ್ಕಂಡ್ರೆ ನಿದ್ದೇಲಿ ನಡೆದಂಗೆ ಕಾಣ್ತದೆ ಕಣಮ್ಮ. ಹಳ್ಳದಲ್ಲಿ ಬಿಳೀ ಮಳಲು, ಮೇಲೆ ಹೊಂಗೆ ನೆರಳು, ಎಲ್ಲೋ ಒಂದು ಕುರಿ ಗಂಟೆ. ಕೆಂಚ ಸೊಂಟದವರೆಗೆ ನಾಯಿ, ಅಲ್ಲಿಂದ ಆಚೆ ಮಳಲು. ಸಿಳ್ಳೆ ಇಲ್ಲದ ಮಂದೆ ಸದ್ದಿಲ್ಲದೆ ಗುಡ್ಡದ ಮೇಲೆ ಹರಡ್ಕಂಡು ಮೋಡದ ಜೊತೆ ಸೇರಿಹೋಗೋದು. ಯಾವುದು ಕುರಿ ಯಾವುದು ಮೋಡ ಅಂತ ನಾನೂ ನೋಡ್ತಾ ಕೂತ್ಕತಿದ್ದೆ. ಅವನಿಗೆ ಹಿಡಿದಿದ್ದ ಹುಚ್ಚು ನಂಗೂ ಹಿಡೀತೇನೋ.

ಒಂದು ಮಧ್ಯಾಹ್ನ ಕೆಂಚ ನಿದ್ದೆ ಮಾಡ್ತಿತ್ತು. ಅದರ ಹಿಂದಿನ ಮಳಲು ಸಣ್ಣಗೆ ಅಲುಗಾಡ್ತು. ಹಾವೇನೋ ಅಂತ ನಾನು ಹೌಹಾರಿದೆ. ಯತ್ತಪ್ಪ ನನ್ ಕೈ ಹಿಡ್ಕಂಡ. ಮತ್ತೆ ಅಲುಗಾಡ್ತು. ಮುಂದಿನ ಕಾಲು ಓಡ್ತಾ ಅದೆ, ಮಳಲೊಳಗೆ ಹಿಂದಿನದೂ ಓಡ್ತಾ ಅದೆ! ಕನಸಲ್ಲಿ ಯಾವ ಗುಡ್ಡ ಹತ್ತುತ್ತಿತ್ತೋ. ನಾವಿಬ್ರೂ ಉಸಿರು ಬಿಗಿ ಹಿಡಿದು ನೋಡಿದೊ. ಅವನ ಕಣ್ಣಲ್ಲಿ ನೀರು ಸುರೀತಿತ್ತು, ಒರೆಸ್ಕಳಕ್ಕೂ ಕೈ ಬುಡಲಿಲ್ಲ.

ಹದಿನೆಂಟನೇ ದಿನ ಕುರಿ ಪಕ್ಕದೋರ ಕಡ್ಲೇಕಾಯಿ ಹೊಲಕ್ಕೆ ನುಗ್ಗಿದೊ. ಅಭ್ಯಾಸ ನೋಡು, ಎರಡು ಬೆರಳು ಬಾಯಿಗೆ ಹೋಗೇಬುಟ್ಟೊ. "ಲೇ!" ಅಂತ ನಾನು ಕಿರುಚ್ದೆ. ಅವನು ಬೆರಳು ಕಚ್ಚಿಕಂಡ. ರಕ್ತ ಬಂತು, ಸಿಳ್ಳೆ ಬರಲಿಲ್ಲ. ಆಮೇಲೆ ಪಂಚೆ ಎತ್ತಿ ಕಟ್ಟಿ ತಾನೇ ಓಡ್ದ. ಎಡವ್ತಾನೆ, ಬೀಳ್ತಾನೆ, ಏಳ್ತಾನೆ. ಅರವತ್ತು ಕುರಿ ಒಬ್ಬನೇ ತಿರುಗಿಸಿ ತರೋ ಹೊತ್ತಿಗೆ ನಾಯಿ ತರ ತೇಕ್ತಿದ್ದ. ಮಳಲ ಪಕ್ಕ ಕುಕ್ಕರಿಸಿ ತನ್ನ ಮಂಡಿ ಒತ್ತಿಕೊಳ್ತಾ, "ದಿನಾ ಇಷ್ಟು ಓಡ್ತಿತ್ತೇನೇ ಇದು?" ಅಂದ. ನಾನು ಹೂಂ ಅಂದೆ.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಕ್ಯಾತಣ್ಣನೂ ಹಳ್ಳಕ್ಕೆ ಬಂದ. ನಾಡಿದ್ದಿಗೆ ಮಂದೆ ಹೊರಡೋದು. ಮಳಲು ತೆಗೆದು, ಕೆಂಚನ ಮೈ ಒರೆಸಿ, ಯತ್ತಪ್ಪ ಇಪ್ಪತ್ತು ಹೆಜ್ಜೆ ಆಚೆ ಹೋಗಿ ನಿಂತ. ಬೆರಳು ಬಾಯಿಗಿಟ್ಟ. ಮತ್ತೆ ಇಳಿಸ್ದ. "ನನ್ ಕೈಲಾಗಲ್ಲ, ನೀನು ಕರಿ" ಅಂದ. ಒಂಬತ್ತು ವರ್ಷ ಆ ನಾಯೀನ ಹಚಾ ಅಂದಿದ್ದು ಬುಟ್ರೆ ಬೇರೆ ಮಾತಾಡಿಸಿದೋಳಲ್ಲ ನಾನು. "ಕೆಂಚಾ" ಅಂದೆ.

ಕಿವಿ ನಿಗುರ್ತು. ಮುಂದಿನ ಕಾಲು ಊರ್ತು. ಸೊಂಟ ಅಲ್ಲಾಡ್ತಾ ಅಲ್ಲಾಡ್ತಾ ಮೇಲಕ್ಕೆದ್ದು ನಿಂತ್ಕಂತು. ನನ್ನ ಕಡೆ ಒಂದ್ಸಲ ನೋಡಿ ಯತ್ತಪ್ಪನ ಕಡೆ ತಿರುಗ್ತು. ಒಂದು ಹೆಜ್ಜೆ, ಎರಡು, ಮೂರು. ಎಡಗಾಲು ಮಳಲಲ್ಲಿ ಗೀಟು ಎಳೀತಿತ್ತು, ಆದ್ರೂ ನಡೀತಿತ್ತು. ಕ್ಯಾತಣ್ಣ "ನಡೀತದೆ ಬುಡು" ಅಂದು ಹಟ್ಟಿ ಕಡೆ ಹೊರಟುಹೋದ. ಆ ಮಾತು ಕೆಂಚನಿಗೂ ತಿಳೀತೇನೋ, ಇನ್ನೂ ಬೇಗ ಬರಕ್ಕೆ, ಓಡಕ್ಕೆ ನೋಡ್ತು.

"ಬ್ಯಾಡ ಕಣಪ್ಪಾ, ಅಲ್ಲೇ ನಿಲ್ಲು" ಅಂತ ಯತ್ತಪ್ಪ ಕೂಗ್ದ. "ನಾನೇ ಬತ್ತೀನಿ."