ಯಾರ ಮಾತಿಗೆ ನಗಬೇಕು

ರೇಣವ್ವತ್ತಿ ರಂಗದ ಮೇಲೆ ನಕ್ಕರೆ ಟೆಂಟಿನ ಹೊರಗೆ ಮಿರ್ಚಿ ಕರಿಯುವವನೂ ಜಾಲರಿ ಸೌಟು ಎತ್ತಿ ಹಿಡಿದು ಒಂದು ಗಳಿಗೆ ಕೇಳುತ್ತಿದ್ದನೆಂದು ಕೂಕನೂರಿನಲ್ಲಿ ಈಗಲೂ ಹೇಳುವವರಿದ್ದಾರೆ. ಮೈಕಿನ ಹಂಗಿಲ್ಲದ ನಗೆ ಅದು. ಹೊಟ್ಟೆಯಿಂದ ಎದ್ದು, ಎದುರು ನಿಂತ ಗಂಡಸಿನ ಮುಖಕ್ಕೆ ನೇರವಾಗಿ ಬಡಿಯುತ್ತಿತ್ತು. ನಾಟಕ ಕಂಪನಿಗಳಲ್ಲಿ ಅವಳು ನಾಯಕಿಯಾದದ್ದು ಕಡಿಮೆ. ಕುಡುಕ ಗಂಡನನ್ನು ನಡುಬೀದಿಯಲ್ಲಿ ನಿಲ್ಲಿಸಿ ಕೇಳುವ ಹೆಂಡತಿ, ಸಾಹುಕಾರನ ಬಣ್ಣ ಬಯಲು ಮಾಡುವ ನರ್ತಕಿ, ಇಂಥವೇ ಅವಳ ಪಾತ್ರಗಳು. ಆ ಪಾತ್ರಗಳಿಗೆ ಕೊನೆಯ ಮಾತು ಇರುತ್ತಿರಲಿಲ್ಲ, ಕೊನೆಯ ನಗೆ ಇರುತ್ತಿತ್ತು.

ನಾನು ಕಂಡಾಗ ಅವಳು ಕಂಪನಿ ಬಿಟ್ಟು ನಮ್ಮ ಓಣಿಯಲ್ಲೇ ಬಳೆ ಅಂಗಡಿ ಇಟ್ಟಿದ್ದಳು. ರಕ್ತಸಂಬಂಧವೇನಿಲ್ಲ, ಓಣಿಗೆಲ್ಲ ಅತ್ತಿ. ಕಂಪನಿ ಬಿಟ್ಟರೂ ಕಂಪನಿಯ ಒಂದು ಚಟ ಬಿಟ್ಟಿರಲಿಲ್ಲ. ಅಂಗಡಿ ಮುಂದೆ ಹುಡುಗಿಯರು ಕಿಸಕ್ಕೆಂದರೆ ಸಾಕು, ಬಳೆ ತೊಡಿಸುತ್ತಿದ್ದ ಕೈ ನಿಲ್ಲಿಸಿ ಕೇಳುವಳು: "ಯಾರ ಮಾತಿಗೆ ನಗಾಕತ್ತೀರಿ?" ಸುಮ್ಮನೆ ಎಂದರೆ ಒಪ್ಪುತ್ತಿರಲಿಲ್ಲ. "ನಗಿ ಅಂದ್ರ ಉತ್ತರ ಯವ್ವಾ. ಎದುರಿನಾವ ಏನಂದ ಅಂತ ಕೇಳಿಸ್ಕೊಳ್ಳದ ಉತ್ತರ ಕೊಡಬಾರದು."

ನಾನು ಯಲಬುರ್ಗಾ ಕಡೆಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ರ‍್ಯಾಪ್ ಬರೆಯುವ ಹುಚ್ಚು ಬೇರೆ. ಮನೆಯಲ್ಲಿ ಅವ್ವ "ಇದು ಹಾಡೋ ಜಗಳೋ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅತ್ತಿ ಮಾತ್ರ ಕಾಲು ಚಾಚಿ ಕೂತು ಪೂರ್ತಿ ಕೇಳುತ್ತಿದ್ದಳು. "ಮಾತಿನ ನಡುವ ಉಸಿರು ತಗೋಬ್ಯಾಡ. ನೀ ಉಸಿರು ತಗೊಳ್ಳೂದರಾಗ ಎದುರಿನಾವ ಬಾಯಿ ಹಾಕತಾನ" ಎನ್ನುವಳು. ಅದು ರಂಗದ ಪಾಠವೋ ಸಂಸಾರದ ಪಾಠವೋ ನಾನು ಕೇಳಲಿಲ್ಲ.

ಗಂಗಾವತಿಯಲ್ಲಿ ರ‍್ಯಾಪ್ ಹಾಡುವ ಒಬ್ಬ ಹುಡುಗನಿದ್ದಾನೆ. ಹೆಸರು ಮಂಜುನಾಥ, ಹಾಡಿಗೆ ಇಟ್ಟುಕೊಂಡ ಹೆಸರು ಎಂಸಿ ಜಾಲಿಮುಳ್ಳು. ಸದ್ದು ಮಾರ್ದನಿಸದಂತೆ ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದ ಒಂದು ಕೋಣೆ ಅವನ ಸ್ಟುಡಿಯೋ. ಅವನ ಹಾಡುಗಳಲ್ಲಿ ಹುಡುಗಿಗೆ ಸೊಂಟವಿದೆ, ತುಟಿಯಿದೆ, ಹೆಸರಿಲ್ಲ. ಒಪ್ಪಿದರೆ ಮಾಲು, ಒಪ್ಪದಿದ್ದರೆ ಮೋಸಗಾತಿ. ಒಮ್ಮೆ ನಾನು ಬರೆದದ್ದನ್ನು ಹಿಡಿದುಕೊಂಡು ಅವನಲ್ಲಿಗೆ ಹೋಗಿದ್ದೆ. ಎರಡು ಸಾಲು ಕೇಳಿ ಕೈ ಎತ್ತಿದ. "ಮೇಡಂ, ಹೆಣ್ಣಮಕ್ಕಳು ರ‍್ಯಾಪ್ ಮಾಡಿದ್ರ ಬೈದಂಗ ಕೇಳಸ್ತೈತ್ರಿ. ನೀವು 'ಬಾರೋ ರಾಜಾ' ಅನ್ನೂದೊಂದು ಅನ್ರಿ, ಉಳಿದದ್ದು ನಾ ನೋಡ್ಕೋತೀನಿ." ಅವನು ಬೈದರೆ ಕಲೆ, ನಾನು ಬೈದರೆ ಬೈಗುಳ. ಮೆಟ್ಟಿಲು ಇಳಿದು ಬಂದೆ.

ಅದೇ ಹುಡುಗ ಒಂದು ದಿನ ಅತ್ತಿಯನ್ನು ಹುಡುಕಿಕೊಂಡು ಕೂಕನೂರಿಗೆ ಬಂದ. ನಾನು ಶಾಲೆಯಲ್ಲಿದ್ದೆ. ಸಂಜೆ ಅವಳೇ ಇಡೀ ಪ್ರಸಂಗವನ್ನು ಇಬ್ಬರ ಧ್ವನಿಯಲ್ಲೂ ಆಡಿ ತೋರಿಸಿದಳು.

"ಅತ್ತಿ, ಒಂದು ಪಾರ್ಟ್ ಐತ್ರಿ."

"ಮಾತು ಎಷ್ಟ ಅದಾವ?"

"ಮಾತಿಲ್ರಿ. ನಗಿ ಅಷ್ಟ."

"ಯಾರ ಮಾತಿಗೆ ನಗಬೇಕು?"

ಹುಡುಗ ತಲೆ ಕೆರೆದುಕೊಂಡು ಹೇಳಿದನಂತೆ: "ಒಬ್ಬ ಸಾಹುಕಾರನ ಮಗ ಇರತಾನ್ರಿ. ನಂದು ಗದ್ದಿ ಐತಿ, ಜೀಪ್ ಐತಿ, ನನ್ನ ಮುಂದ ಯಾರು ಅಂತ ಬಡಾಯಿ ಕೊಚ್ಚತಾನ. ನೀವು ಅವನ ಮ್ಯಾಲೆ ನಗೂದು."

ಅವನಿಂದ ಆ ಬಡಾಯಿಯ ಮಾತನ್ನು ಆಡಿಸಿಯೇ ಅತ್ತಿ ನಕ್ಕಳು. ಅವನು ಮೊಬೈಲಿಗೆ ಸಣ್ಣ ಮೈಕು ಸಿಕ್ಕಿಸಿ ಹಿಡಿದುಕೊಂಡ. "ನಗಿ ಮುಗಿಯೂದರಾಗ ಹುಡುಗನ ಮಾರಿ ಇಷ್ಟಾಗಿತ್ತು" ಎಂದು ಅತ್ತಿ ಬೆರಳ ತುದಿ ತೋರಿಸಿದಳು. ಬಹಳ ವರ್ಷಗಳ ಮೇಲೆ ಬಣ್ಣ ಹಚ್ಚಿಕೊಂಡಷ್ಟು ಖುಷಿಯಲ್ಲಿದ್ದಳು.

ಹಾಡು ಬಂತು. ನನ್ನ ಫೋನಿನಲ್ಲೇ ಇಬ್ಬರೂ ನೋಡಿದೆವು. ಹೊಳೆದಂಡೆಯ ಬಂಡೆಗಳ ನಡುವೆ ಜೀಪು, ಜೀಪಿನ ಬಾನೆಟ್ಟಿನ ಮೇಲೆ ಎಲ್ಲಿಂದಲೋ ಕರೆತಂದ ಒಬ್ಬ ಹುಡುಗಿ. ಕ್ಯಾಮೆರಾ ಅವಳ ಮೈಯೆಲ್ಲ ಹರಿದಾಡಿತು, ಮುಖದ ಮೇಲೆ ಒಂದು ಕ್ಷಣವೂ ನಿಲ್ಲಲಿಲ್ಲ. ಸಾಹುಕಾರನ ಮಗನ ಸುದ್ದಿಯೇ ಇಲ್ಲ. ಜಾಲಿಮುಳ್ಳು ಹುಡುಗಿಗೆ ಹೇಳುತ್ತಾನೆ: ಎದುರು ಮಾತಾಡಿದರೆ ಕೆನ್ನೆಗೆ ಬಾರಿಸುತ್ತೇನೆ, ಜಡೆ ಹಿಡಿದು ಎಳೆಯುತ್ತೇನೆ, ನಿನಗೂ ಅದೇ ಬೇಕಲ್ಲವೇ. ಅದಕ್ಕೆ ಉತ್ತರವಾಗಿ ಅತ್ತಿಯ ನಗೆ. ಹೊಡೆತ ಸಿಹಿಯೆಂಬಂತೆ ಆ ಹುಡುಗಿಯ ತುಟಿ ಅಲುಗುತ್ತದೆ. ನಾನು ಫೋನು ಕವುಚಿ ಹಾಕಿದೆ. ಕೆಟ್ಟ ಹಾಡು ಎಂಬ ಸಿಟ್ಟಲ್ಲ ಅದು. ಹೇಸಿಗೆಯನ್ನು ಬರಿಗೈಯಲ್ಲಿ ಮುಟ್ಟಿದಂತಾಗಿತ್ತು.

ಅತ್ತಿ ಇನ್ನೊಮ್ಮೆ ಹಚ್ಚಿಸಿ ಕೇಳಿದಳು. "ನಗಿ ನಂದ. ನಾ ನಕ್ಕಿದ್ದು ಇದಕ್ಕಲ್ಲ."

ಮರುದಿನವೇ ಇಬ್ಬರೂ ಗಂಗಾವತಿಗೆ ಹೋದೆವು. ಹುಡುಗ ಅತ್ತಿಯ ಕಾಲು ಮುಟ್ಟಿ ನಮಸ್ಕಾರ ಮಾಡಿ ಚಹಾ ತರಿಸಿದ. ಅದನ್ನು ನೋಡಿ ನನಗೆ ಇನ್ನಷ್ಟು ಉರಿಯಿತು. ಹಾಡಿನಲ್ಲಿ ಜಡೆ ಎಳೆಯುವ ಕೈಯೇ ಇಲ್ಲಿ ಪಾದ ಮುಟ್ಟುತ್ತಿತ್ತು.

"ತಮ್ಮಾ, ಹೊಡಿತೀನಿ ಅಂದ್ರ ಯಾವ ಹೆಣಮಗಳು ಹಿಂಗ ನಗತಾಳ? ನಿಮ್ಮವ್ವ ನಕ್ಕಾಳೇನು?" ಎಂದು ಅತ್ತಿ ಕೇಳಿದಳು.

"ಹಿಪ್ ಹಾಪ್ ಅಂದ್ರ ಹಿಂಗ ಇರತೈತ್ರಿ ಅತ್ತಿ. ದೊಡ್ಡ ದೊಡ್ಡೋರ ಹಾಡಿನ್ಯಾಗೂ ಹೆಣ್ಣಮಕ್ಕಳು ಹಿಂಗ ಇರತಾರ."

ನನಗೆ ತಡೆಯಲಾಗಲಿಲ್ಲ. ಹಿಪ್ ಹಾಪ್ ನಿಮ್ಮಪ್ಪನ ಆಸ್ತಿಯಲ್ಲ, ಅದರಲ್ಲಿ ಮೈಕು ಹಿಡಿದು ತಿರುಗಿ ಉತ್ತರ ಕೊಟ್ಟ ಹೆಂಗಸರು ಮೊದಲಿನಿಂದ ಇದ್ದಾರೆ ಎಂದು ಕೂಗಿದೆ. ಅವನು ನಕ್ಕ. "ಇರಬೌದು ಮೇಡಂ. ಇಲ್ಲಿ ಯಾರು ಕೇಳತಾರ್ರಿ?"

ಅತ್ತಿಗೆ ವಾದ ಬೇಕಿರಲಿಲ್ಲ. "ಒಂದೋ ತಗದು ಹಾಕು. ಇಲ್ಲಾಂದ್ರ ಸಾಹುಕಾರನ ಮಗನ ಬಡಾಯಿ ಬರದು, ಅದರ ಮ್ಯಾಲೆ ಇಡು" ಎಂದಳು. ಅವನು ಕೈ ಚೆಲ್ಲಿದ. "ಈಗ ನನ್ನ ಕೈಯಾಗಿಲ್ರಿ. ಎಲ್ಲಾರೂ ಕತ್ತರಿಸಿ ತಮ್ಮ ತಮ್ಮ ಹಾಡಿಗೆ ಹಾಕ್ಕೊಂಡಾರ."

ಅದೊಂದು ಮಾತು ನಿಜವಾಗಿತ್ತು. ಟ್ರ್ಯಾಕ್ಟರಿನಲ್ಲಿ, ಮದುವೆಯ ಡಿಜೆಯಲ್ಲಿ, ಯಾವ ಯಾವ ಹೊಲಸು ಸಾಲಿನ ತುದಿಗೋ ಅತ್ತಿಯ ನಗೆ ಅಂಟಿಕೊಂಡಿತ್ತು. ನನ್ನ ಶಾಲೆಯ ಏಳನೇ ತರಗತಿಯ ಹುಡುಗಿಯೊಬ್ಬಳು ನೀರಿನ ಟಾಕಿಯ ಹಿಂದೆ ನಿಂತು ಕೆನ್ನೆ ಮುಂದೆ ಮಾಡಿ, ತುಟಿ ಕಚ್ಚಿ, ಆ ನಗೆಗೆ ಬಾಯಿ ಆಡಿಸುತ್ತಿದ್ದಳು. ಹೊಡೆಯುತ್ತೇನೆ ಎಂದರೆ ಯಾಕೆ ನಗುತ್ತೀ ಎಂದೆ. "ಹಾಡಿನ್ಯಾಗ ಹಂಗ ಐತ್ರಿ ಟೀಚರ್" ಎಂದಳು.

ಯಲಬುರ್ಗಾದ ಬಸ್ಸಿನಲ್ಲಿ ಒಬ್ಬ ಅತ್ತಿಯನ್ನು ಗುರುತು ಹಿಡಿದ. "ಆ ನಗಿ ಇವರದ" ಎಂದು ಪಕ್ಕದವನಿಗೆ ಹೇಳಿ, "ಒಮ್ಮೆ ನಗ್ರಿ ಅತ್ತಿ" ಎಂದ. ಹಿಂದಿನ ಸೀಟಿನವರು ಸೀಟಿ ಹೊಡೆದರು. ಕಂಡಕ್ಟರನೂ ಹಲ್ಲು ಕಿರಿದ. ಟೆಂಟು ತುಂಬ ಗಂಡಸರನ್ನು ಒಂದು ನಗೆಗೆ ತಲೆ ತಗ್ಗಿಸುವಂತೆ ಮಾಡಿದವಳು ಊರು ಬರುವ ಮೊದಲೇ ಇಳಿದು, ಎರೆಹೊಲದ ಪಕ್ಕದ ಹಾದಿಯಲ್ಲಿ ನಡೆದು ಬಂದಳು. ಅಂದಿನಿಂದ ಅಂಗಡಿಯಲ್ಲಿ ಅವಳ ನಗೆ ಕೇಳಲಿಲ್ಲ.

ನಾನು ಜಾಲಿಮುಳ್ಳಿಗೆ ಉತ್ತರ ಬರೆದೆ. ಅತ್ತಿಯ ನಗೆಯನ್ನು ಅದರ ಜಾಗಕ್ಕೆ ತಿರುಗಿ ತರಬೇಕೆಂದಿದ್ದೆ. ನನ್ನ ಕೋಣೆಗೆ ಕೌದಿಗಳನ್ನು ಇಳಿಬಿಟ್ಟು ಮೈಕು ಇಟ್ಟೆ. ಅತ್ತಿ ಬಂದಳು. ರಂಗಕ್ಕೆ ಹೋಗುವಾಗಿನಂತೆ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು, ಸೆರಗು ಸಿಕ್ಕಿಸಿ ನಿಂತಳು. ನಾನು ಬಡಾಯಿಯ ಸಾಲು ಹೇಳಿದೆ. ಅವಳ ಎದೆ ಏರಿತು, ಅಲ್ಲೇ ನಿಂತಿತು.

"ಗಂಟಲತನಕ ಬಂದೈತಿ ಯವ್ವಾ," ಎಂದಳು. "ಹೊರಗ ಬಿಟ್ರ ಇದನ್ನೂ ಒಯ್ತಾರ."

ಆ ಜಾಗವನ್ನು ಖಾಲಿ ಬಿಟ್ಟೇ ನನ್ನ ಹಾಡು ಹೊರಗೆ ಬಂತು. ಕೇಳಿದವರು ಕಡಿಮೆ. ಮಾತಿಗಿಂತ ನನ್ನ ಮುಖದ ಬಣ್ಣದ ಬಗ್ಗೆ ಬರೆದವರು ಹೆಚ್ಚು.

ಆಮೇಲೆ ಅತ್ತಿಗೆ ಉಸಿರಿನ ತೊಂದರೆ ಶುರುವಾಗಿ ಕುಷ್ಟಗಿಯ ತಂಗಿಯ ಮನೆಗೆ ಹೋದಳು. ಆ ಚಳಿಗಾಲ ದಾಟಲಿಲ್ಲ. ತೀರಿಕೊಳ್ಳುವುದಕ್ಕೆ ಕೆಲವು ದಿನ ಮುಂಚೆ ನೋಡಲು ಹೋಗಿದ್ದೆ. ಅವಳನ್ನು ಗೆಲುವಾಗಿಸಬೇಕೆಂದು ಒಂದು ಸುದ್ದಿ ಒಯ್ದಿದ್ದೆ.

ಯಾವುದೋ ಊರಿನ ಸಮಾರಂಭಕ್ಕೆ ಜಾಲಿಮುಳ್ಳು ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದ. ನನ್ನ ಮುಂದ ಯಾರು ಎಂದು ಅವನ ರೆಕಾರ್ಡಾದ ಹಾಡು ಶುರುವಾಯಿತು, ಕರೆಂಟು ಹೋಯಿತು. ಸ್ಪೀಕರು ಸತ್ತಿತು, ಹಾಡು ನಿಂತಿತು. ಕುಣಿತದ ಭರದಲ್ಲಿ ಅದು ತಿಳಿಯದೆ ಅವನು ಬರಿದೇ ಬಾಯಿ ಆಡಿಸುತ್ತ ಕುಣಿಯುತ್ತಲೇ ಇದ್ದ. ಮುಂದಿನ ಸಾಲಿನ ಮುದುಕಿಯೊಬ್ಬಳು ಮರುಗಿ, "ಯಪ್ಪಾ, ಗಂಟಲ ಕಟ್ಟೈತೇನು, ಬಿಸಿನೀರ ಕುಡಿ" ಎಂದಳಂತೆ.

ಅತ್ತಿಯ ಕಣ್ಣು ಅರಳಿತು. ಎದೆ ಏರಿತು. ಥಟ್ಟನೆ ಹಾಸಿಗೆಯ ಮೇಲಿದ್ದ ನನ್ನ ಫೋನಿನ ಕಡೆ ನೋಡಿದಳು.

"ಅದು ಬಂದ್ ಐತೇನು?"

"ಬಂದ್ ಐತಿ ಅತ್ತಿ."

ಆದರೂ ನಂಬಲಿಲ್ಲ. ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು. ಭುಜ ಕುಲುಕಿದವು, ಮಂಚ ಅಲುಗಿತು, ಕಣ್ಣಲ್ಲಿ ನೀರು ಹರಿಯಿತು. ಮನಸಾರೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಕ್ಕದಲ್ಲೇ ಕೂತಿದ್ದ ನನಗೆ ಏನೂ ಕೇಳಿಸಲಿಲ್ಲ.