ಚೌಡಮ್ಮನಿಗೆ ಮೂರು ಹನಿ

“ತಡೀರಿ, ಇತ್ಲಾಗ್ ಕೊಡ್ರಿ!” ಎಂದು ಅಜ್ಜಿ ನನ್ನ ಕೈಯಿಂದ ವೈನ್ ಲೋಟ ಕಸಿದುಕೊಂಡರು.

ಸೊರಬದ ಹಳ್ಳಿಮನೆಗಳನ್ನು ತೋರಿಸುವ ಪ್ರವಾಸದಲ್ಲಿ ಹೊಸಬಾಳೆ ಎಂಬ ಊರಿನ ಈ ಅಜ್ಜಿಯ ಮನೆಗೆ ಬಂದಿದ್ದೆವು. ಗೋಡೆಯ ಹಸೆ ಚಿತ್ತಾರವನ್ನು ಅಜ್ಜಿಯೇ ವಿವರಿಸಿದ್ದರು. ಆದರೆ ಸೊಸೆ ಗೀತಾ ತಯಾರಿಸುವ ಅನಾನಸ್ ವೈನನ್ನು ಅವರು ಎಂದೂ ಮುಟ್ಟಿಲ್ಲ, ಭರಣಿಗಳನ್ನು ಮನೆಯೊಳಗೂ ಬಿಟ್ಟಿಲ್ಲ ಎಂದು ಗೈಡ್ ಪಿಸುಗುಟ್ಟಿದ್ದರು. ಲೋಟ ಹಂಚುತ್ತಿದ್ದ ಗೀತಾ ಅತ್ತೆಯತ್ತ ತಿರುಗಿದರು.

ಅಜ್ಜಿ ಲೋಟಕ್ಕೆ ಬೆರಳದ್ದಿ, ದೇವಿಯ ಹೆಸರಿನಲ್ಲಿ ಅಂಗಳಕ್ಕೆ ಮೂರು ಹನಿ ಚಿಮುಕಿಸಿದರು. “ಚೌಡಮ್ಮಂಗೆ ಕೊಡ್ದೇ ನೆಂಟ್ರಿಗೆ ಕೊಡ್ತೀಯಲ್ಲೇ ಮಾರಾಯ್ತಿ! ನಾ ಹೆಂಗೆ ಮುಟ್ಲಿ?” ಎಂದು ಸೊಸೆಯನ್ನು ಗದರಿ, ಉಳಿದದ್ದನ್ನು ಗಟಗಟ ಕುಡಿದರು. “ಹೋಗು, ಭರಣಿ ಒಳಗೆ ತಗಂಡ್ ಬಾ.” ಗೀತಾ ಓಡಿದರು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಒಳಗೆ ಬಂದ ಭರಣಿಯಿಂದ ಅಜ್ಜಿಯೇ ನನ್ನ ಲೋಟ ತುಂಬಿಸಿ ಕೊಟ್ಟರು.

ಅಂದಿನ ದಿನಚರಿಯಲ್ಲಿ ‘ವೈನ್ ತುಸು ಹುಳಿ’ ಎಂದು ನಾನೇ ಬರೆದಿದ್ದೇನೆ. ನೆನಪಿನಲ್ಲಿ ಮಾತ್ರ ಅಷ್ಟು ಸಿಹಿಯಾದದ್ದನ್ನು ನಾನೆಂದೂ ಕುಡಿದಿಲ್ಲ.